ಅಲುಗುವ ಯಂತ್ರ, ಅಲುಗದ ಪೈಪು

ಪುಣೆಯ ಪಕ್ಕದ ಕೈಗಾರಿಕಾ ಪ್ರದೇಶ ಭೋಸರಿಗೆ ಗುರುವಾರ ವಾರದ ರಜೆ. ಉಳಿದ ದಿನಗಳಲ್ಲಿ ಇಲ್ಲಿಯ ಗಲ್ಲಿಗಳಲ್ಲಿ ಎದುರಿಗಿದ್ದವರ ಮಾತು ಕೇಳಿಸಬೇಕಾದರೆ ದನಿ ಎತ್ತಲೇಬೇಕು. ಒಂದು ಶೆಡ್ಡಿನೊಳಗೆ ಪವರ್ ಪ್ರೆಸ್ಸು ತಗಡನ್ನು ಕುಟ್ಟುತ್ತಿರುತ್ತದೆ, ಪಕ್ಕದ ಶೆಡ್ಡಿನಲ್ಲಿ ಗ್ರೈಂಡರಿನ ಚಕ್ರ ಕಿರುಚುತ್ತಿರುತ್ತದೆ, ಎದುರಿನ ಪೇಂಟ್ ಬೂತಿನಿಂದ ಥಿನ್ನರಿನ ವಾಸನೆ ರಸ್ತೆಗೆ ಇಳಿಯುತ್ತದೆ. ಲೇಥಿನ ಚೂರು ತುಂಬಿದ ಡ್ರಮ್ಮುಗಳನ್ನು ಹೊತ್ತ ಟೆಂಪೋ ಹಿಂದಕ್ಕೆ ಬಂದರೆ ಸೈಕಲ್ಲಿನವರು ಗೋಡೆಗೆ ಒತ್ತಿ ನಿಲ್ಲುತ್ತಾರೆ. ಗುರುವಾರ ಬೆಳಿಗ್ಗೆ ಮಾತ್ರ ಇದೆಲ್ಲ ತಣ್ಣಗಾಗುತ್ತದೆ. ಅರ್ಧ ಎತ್ತಿದ ಶಟರುಗಳ ಕೆಳಗಿನಿಂದ ಸಾಬೂನು ನೀರು ಹರಿದು ಬರುತ್ತದೆ. ಲಾಂಡೇವಾಡಿಯ ಚಹಾದ ಗಾಡಿಯ ಸುತ್ತ ನಿಂತವರ ಮಾತುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ: ಮರಾಠಿ, ಹಿಂದಿ, ನಡುನಡುವೆ ಆಳಂದ, ಅಫಜಲಪುರ, ಅಕ್ಕಲಕೋಟೆಗಳ ಕನ್ನಡ. ಸೋಲಾಪುರದಿಂದ ಹೊರಡುವ ಹುತಾತ್ಮಾ ಎಕ್ಸ್‌ಪ್ರೆಸ್ಸೂ ಕಲಬುರಗಿ ಹಾದು ಬರುವ ಉದ್ಯಾನ ಎಕ್ಸ್‌ಪ್ರೆಸ್ಸೂ ತಂದು ಇಳಿಸಿದ ಕನ್ನಡ ಅದು.

ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ 1954ರಲ್ಲಿ ಪಿಂಪ್ರಿಗೆ ಬಂತು. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಪಿಂಪ್ರಿ, ಚಿಂಚವಾಡ, ಭೋಸರಿಗಳ ಹೊಲಗಳು ಪ್ಲಾಟುಗಳಾದವು. ಟೆಲ್ಕೊ, ಬಜಾಜ್‌ನಂಥ ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಅವುಗಳಿಗೆ ಬೋಲ್ಟು, ಬ್ರಾಕೆಟ್ಟು, ಬುಷ್ ಮಾಡಿಕೊಡುವ ಸಣ್ಣ ಸಣ್ಣ ಶೆಡ್ಡುಗಳು ಎದ್ದವು. ಇಂಥ ಶೆಡ್ಡು ನಡೆಯಲು ಕರೆಂಟು ಬೇಕು, ನೀರು ಬೇಕು, ಅವೆರಡರಷ್ಟೇ ಹವಾ, ಅಂದರೆ ಒತ್ತಿದ ಗಾಳಿ, ಬೇಕು. ಸಿಎನ್‌ಸಿ ಯಂತ್ರದ ಮೇಲಿನ ಚೂರನ್ನು ಊದಿ ತೆಗೆಯುವುದು, ಜಿಗ್‌ನಲ್ಲಿ ಬಿಡಿಭಾಗವನ್ನು ಒತ್ತಿ ಹಿಡಿಯುವುದು, ಬಣ್ಣ ಹೊಡೆಯುವುದು, ನಟ್ಟು ಬಿಗಿಯುವುದು ಎಲ್ಲವೂ ಹವಾದ ಕೆಲಸ. ಹವಾ ನಿಂತರೆ ಶೆಡ್ಡು ನಿಂತಂತೆ. ಆದ್ದರಿಂದ ಹವಾದ ಪೈಪಿನ ದುರಸ್ತಿಗೆ ಇಲ್ಲಿ ಗುರುವಾರವೇ ಮುಹೂರ್ತ.

ಇಂದು ಅಂಥ ದುರಸ್ತಿ ನಡೆಯುವ ಒಂದು ಶೆಡ್ಡಿನ ಹಿಂಬದಿ, ಟಿನ್ನಿನ ಒತ್ತು ಚಾವಣಿಯ ಕೆಳಗೆ ಕಂಪ್ರೆಸರ್ ಕೂತಿದೆ. ಕೈಯಾಡಿದ ಜಾಗಗಳಲ್ಲಿ ನೀಲಿ ಬಣ್ಣ ಹೋಗಿ ಒಳಗಿನ ಕೆಂಪು ಪ್ರೈಮರ್ ಕಾಣುತ್ತಿದೆ. ಕೆಳಗೆ ಅಡ್ಡ ಮಲಗಿದ 250 ಲೀಟರಿನ ಟ್ಯಾಂಕು, ಅದರ ಬೆನ್ನ ಮೇಲೆ 5 ಎಚ್‌ಪಿ ಮೋಟಾರು, ಮೋಟಾರಿನಿಂದ ಎರಡು ವಿ-ಬೆಲ್ಟುಗಳು ಎಳೆಯುವ ದೊಡ್ಡ ಚಕ್ರ, ಚಕ್ರದ ಹಿಂದೆ ಎರಡು ಸಿಲಿಂಡರು. ಮೊದಲ ಸಿಲಿಂಡರು ದೊಡ್ಡದು. ಹೊರಗಿನ ಗಾಳಿಯನ್ನು ಎಳೆದು ಅರೆಬರೆ ಒತ್ತುವುದು ಅದರ ಕೆಲಸ. ಒತ್ತಿಸಿಕೊಂಡು ಕಾದ ಗಾಳಿ ರೆಕ್ಕೆಗಳಿರುವ ಕೊಳವೆಯಲ್ಲಿ ತಣಿದು ಎರಡನೆಯ, ಸಣ್ಣ ಸಿಲಿಂಡರಿಗೆ ಹೋಗಿ ಇನ್ನಷ್ಟು ಒತ್ತಡ ಪಡೆಯುತ್ತದೆ. ಅಲ್ಲಿಂದ ತಾಮ್ರದ ನಳಿಗೆಯಲ್ಲಿ ಟ್ಯಾಂಕಿಗೆ ಇಳಿಯುತ್ತದೆ. ಟ್ಯಾಂಕಿನ ಒತ್ತಡಮಾಪಕದ ಮುಳ್ಳು ಎಂಟು ಮುಟ್ಟಿದರೆ ಮೋಟಾರು ತಾನಾಗಿ ನಿಲ್ಲುತ್ತದೆ, ಆರಕ್ಕಿಳಿದರೆ ಮತ್ತೆ ಹೊರಡುತ್ತದೆ. ಆರು, ಎಂಟು ಎಂದರೆ ಕೆಜಿ. ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಅಷ್ಟು ಕಿಲೋ ಭಾರ. ಬಾರ್, ಪಿಎಸ್ಐ ಎಂಬ ಲೆಕ್ಕಗಳು ಯಂತ್ರದ ತಗಡಿನ ಮೇಲಿದ್ದರೂ ಭೋಸರಿಯ ಬಾಯಲ್ಲಿರುವುದು ಕೆಜಿಯೇ.

ಈ ಯಂತ್ರದ ಗುಣವೇ ಅಲುಗುವುದು. ನಿಮಿಷಕ್ಕೆ 750 ಸುತ್ತು ಹಾಕುವ ಚಕ್ರ ಗಂಟೆಗೆ 45,000 ಸಲ ಪಿಸ್ಟನ್ನನ್ನು ಮೇಲೆ ಕೆಳಗೆ ಎಳೆದಾಡುತ್ತದೆ. ಎಂಟು ತಾಸು ಬಿಡದೆ ಓಡಿದರೆ 3,60,000 ಸಲ. ಪಿಸ್ಟನ್ನು ದಿಕ್ಕು ಬದಲಿಸುವಾಗಲೆಲ್ಲ ಇಡೀ ಟ್ಯಾಂಕು ತುಸು ಬಡಿದುಕೊಳ್ಳುತ್ತದೆ. ಮೋಟಾರು ಹೊರಡುವ ಮತ್ತು ನಿಲ್ಲುವ ಗಳಿಗೆಯಲ್ಲಂತೂ ಅದರ ಕುಲುಕಾಟ ಕಣ್ಣಿಗೇ ಕಾಣುತ್ತದೆ. ಟ್ಯಾಂಕಿನ ಕಾಲುಗಳನ್ನು ಕಾಂಕ್ರೀಟಿಗೆ ಬಿಗಿದುಬಿಟ್ಟರೆ ಕುಲುಕಾಟ ತಪ್ಪೀತು ಎಂದು ಕೆಲವರು ಬೋಲ್ಟು ಹಾಕಿ ತಿರುಗಿಸುತ್ತಾರೆ. ಆಗ ಆ ಬಡಿತವೆಲ್ಲ ಕಾಲಿನ ವೆಲ್ಡಿಂಗಿಗೆ ಹೋಗಿ ಅಲ್ಲಿ ಬಿರುಕು ಬಿಡುತ್ತದೆ. ಬಿರುಕು ಟ್ಯಾಂಕಿನ ಮೈಗೆ ಹಬ್ಬಿದರೆ ಅದು ಜೀವಕ್ಕೇ ಅಪಾಯ. ಆದ್ದರಿಂದ ಕಾಲಿನ ಕೆಳಗೆ ರಬ್ಬರು ಪ್ಯಾಡು ಇಟ್ಟು, ಯಂತ್ರಕ್ಕೆ ಅಲುಗಲು ಎಷ್ಟು ಜಾಗ ಬೇಕೋ ಅಷ್ಟನ್ನು ಕೊಡುವುದೇ ಸರಿ.

ಗೋಡೆಯ ಪೈಪಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಕಂಪ್ರೆಸರಿನ ಪಕ್ಕದಿಂದ ಹೊರಟ ಒಂದಿಂಚಿನ ಜಿಐ ಪೈಪು ಶೆಡ್ಡಿನ ಮೂರು ಗೋಡೆ ಸುತ್ತಿ, ಪ್ರತಿ ಯಂತ್ರದ ಹತ್ತಿರವೂ ಒಂದೊಂದು ಕೊಂಬೆ ಇಳಿಬಿಟ್ಟಿದೆ. ಆರೇಳು ಅಡಿಗೊಂದು ಕ್ಲಾಂಪು. ಅದು ಕದಲಬಾರದು, ಜೋತುಬೀಳಬಾರದು. ಹೀಗೆ ಕದಲಬಾರದ ಪೈಪನ್ನು ಕದಲದೆ ಇರಲಾರದ ಯಂತ್ರಕ್ಕೆ ನೇರವಾಗಿ ತಿರುಗಿಸಿಟ್ಟಿದ್ದರು ಈ ಶೆಡ್ಡಿನಲ್ಲಿ. ಟ್ಯಾಂಕಿನ ಬಾಯಿಗೆ ನಿಪ್ಪಲ್, ನಿಪ್ಪಲಿಗೆ ಎಲ್ಬೋ, ಎಲ್ಬೋದಿಂದ ಸೀದಾ ಗೋಡೆಗೆ ಕಬ್ಬಿಣ. ಕೆಲ ತಿಂಗಳು ನಡೆಯಿತು. ಆಮೇಲೆ ಸುಯ್ಯೆನ್ನುವ ಸಣ್ಣ ಸದ್ದು ಶುರುವಾಯಿತು. ಟೆಫ್ಲಾನ್ ಟೇಪು ಸುತ್ತಿ ಬಿಗಿದರು, ಎಂ-ಸೀಲ್ ಮೆತ್ತಿದರು. ಸದ್ದು ಅಡಗಿದಂತಾಗಿ ಮತ್ತೆ ಎದ್ದಿತು.

ಹಳೆಯ ನಿಪ್ಪಲನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಕಾರಣ ಕಾಣುತ್ತದೆ. ಆಟೆ (ತಿರುಪಿನ ಸುತ್ತು) ಕೊರೆದ ಜಾಗದಲ್ಲಿ ಪೈಪಿನ ಗೋಡೆ ತೆಳುವಾಗಿರುತ್ತದೆ. ಪ್ರತಿ ಆಟೆಯ ಬುಡವೂ ಒಂದು ಚೂಪಾದ ಗೀರು. ಬಾಗಿಸುವ ಬಲ ಬಂದಾಗ ಅದೆಲ್ಲ ಈ ಗೀರಿನ ತಳದಲ್ಲೇ ಕೂಡುತ್ತದೆ. ಒಂದು ಸಲದ ಬಡಿತ ಲೋಹಕ್ಕೆ ಲೆಕ್ಕವೇ ಅಲ್ಲ. ಲಕ್ಷಗಟ್ಟಲೆ ಸಲ ಬಿದ್ದಾಗ ಲೋಹವೂ ದಣಿಯುತ್ತದೆ. ಆಟೆಯ ಬುಡದಲ್ಲಿ ಕೂದಲೆಳೆಯ ಬಿರುಕು ಮೂಡಿ, ಸುತ್ತು ಬಂದು, ಕೊನೆಗೊಂದು ದಿನ ಕೀಲು ಕತ್ತರಿಸಿಹೋಗುತ್ತದೆ. ಪೈಪಿಗೆ ಇನ್ನೊಂದು ಕಾಟವೂ ಇದೆ. ಪುಣೆಯ ಜನವರಿಯ ಬೆಳಗಿನ 10 ಡಿಗ್ರಿಗೂ ಏಪ್ರಿಲಿನ ಮಧ್ಯಾಹ್ನದ 40 ಡಿಗ್ರಿಗೂ ನಡುವೆ 30 ಮೀಟರ್ ಉದ್ದದ ಉಕ್ಕಿನ ಪೈಪು ಸುಮಾರು 11 ಮಿಲಿಮೀಟರ್ ಬೆಳೆಯುತ್ತದೆ. ಆ ಬೆಳವಣಿಗೆಗೆ ದಾರಿ ಬಿಡದಿದ್ದರೆ ಅದೂ ಇದೇ ಎಲ್ಬೋವನ್ನು ತಳ್ಳುತ್ತದೆ.

ಫಿಟ್ಟರ್ ಅಫಜಲಪುರ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಜತೆಗಿರುವ ಹುಡುಗ ಅಕ್ಕಲಕೋಟೆಯ ಪಕ್ಕದ ಹಳ್ಳಿಯವನು. ಚೀಲದಿಂದ ಎರಡೂವರೆ ಅಡಿಯ ಕಪ್ಪು ಹೋಸನ್ನು ತೆಗೆದು ಕೈಯಲ್ಲಿ ಬಗ್ಗಿಸಿ ನೋಡುತ್ತಾನೆ.

"ಕಾಕಾ, ಇಷ್ಟು ದಪ್ಪ ಕಬ್ಬಣಾನೇ ಸೀಳಿತು. ಈ ರಬ್ಬರ್ ಹ್ಯಾಂಗ್ ತಡೀತದ್ರಿ?"

"ತಡಿಯಂಗಿಲ್ಲ ತಮ್ಮಾ, ಬಿಟ್ಟುಕೊಡ್ತದ. ಅದಕ್ಕೇ ಉಳೀತದ. ನಿಮ್ಮ ಮನ್ಯಾಗ ಬಂಡಿ ಇತ್ತಿಲ್ಲೋ? ನೊಗಾ ಮೂಕಿಗೆ ಹ್ಯಾಂಗ ಬಿಗೀತಿದ್ರು?"

"ಮಿಣೀಲೆ."

"ಮೊಳಿ ಯಾಕ ಹೊಡೀಲಿಲ್ಲ?"

ಹುಡುಗ ಒಂದು ಗಳಿಗೆ ಯೋಚಿಸುತ್ತಾನೆ. "ಎತ್ತು ಹೆಜ್ಜಿಗೊಮ್ಮೆ ಹೊಯ್ದಾಡ್ತಾವ. ಮೊಳಿ ಹೊಡದ್ರ ಮೂಕಿ ಸೀಳ್ತದ."

"ಹಾಂ. ಇಲ್ಲೂ ಹಂಗೇ. ಎತ್ತಿನಂಗ ಮಷಿನ್ ಹೊಯ್ದಾಡ್ತದ. ನಡುವ ಮಿಣಿ ಬೇಕು."

ಆ ಮಿಣಿಯನ್ನು ಆರಿಸುವುದೇ ಒಂದು ವಿದ್ಯೆ. ಹಿಂದಿನ ಸಂಜೆ ಕಾಕಾ ರವಿವಾರ ಪೇಟೆಯ ಬೋಹರಿ ಆಳಿಗೆ ಹೋಗಿ ಬಂದಿದ್ದಾರೆ. ಪುಣೆಯ ಹಳೆಯ ಪೇಟೆಗಳ ನಡುವಿನ ಆ ಇಕ್ಕಟ್ಟು ಗಲ್ಲಿಯಲ್ಲಿ ಮೊಳೆಯಿಂದ ಹಿಡಿದು ಪಂಪಿನವರೆಗೆ ಎಲ್ಲವೂ ಸಿಗುತ್ತದೆ. ಅಂಗಡಿಗಳ ಬಾಗಿಲಲ್ಲಿ ಹೋಸಿನ ಸುರುಳಿಗಳು ತೂಗುತ್ತಿರುತ್ತವೆ: ಪಾರದರ್ಶಕ ಪಿವಿಸಿ, ಹಳದಿ ಬಣ್ಣದ ಸ್ಪ್ರೇ ಹೋಸು, ನೂಲಿನ ಹೆಣಿಗೆಯುಳ್ಳ ಕಪ್ಪು ರಬ್ಬರು, ಸ್ಟೀಲ್ ತಂತಿಯ ಜಾಳಿಗೆ ಹೊದ್ದ ಹೊಳಪಿನ ಹೋಸು. ಅಗ್ಗದ ಪಿವಿಸಿ ಹೋಸು ನೋಡಲು ಚೆಂದ, ಆದರೆ ಕಂಪ್ರೆಸರಿನ ಬಿಸಿಗೆ ಮೆತ್ತಗಾಗುತ್ತದೆ. ಗಾಳಿಯ ಜತೆ ಸಿಲಿಂಡರಿನ ಎಣ್ಣೆಯ ಹನಿಯೂ ಬರುವುದರಿಂದ ಹೋಸಿನ ಒಳಪದರ ಎಣ್ಣೆಗೆ ಉಬ್ಬದ ನೈಟ್ರೈಲ್ ರಬ್ಬರಿನದಾಗಿರಬೇಕು. ಮೈಮೇಲೆ ಅಚ್ಚಾದ ಕೆಲಸದ ಒತ್ತಡ ಟ್ಯಾಂಕಿನ ಒತ್ತಡಕ್ಕಿಂತ ಸಾಕಷ್ಟು ಮೇಲಿರಬೇಕು. 8 ಕೆಜಿಯ ಟ್ಯಾಂಕಿಗೆ 20 ಬಾರಿನ ಹೋಸು ತಂದಿದ್ದಾರೆ ಕಾಕಾ. ತುದಿಗಳಿಗೆ ಸ್ಕ್ರೂ ಕ್ಲಿಪ್ಪು ಬಿಗಿಯುವ ಬದಲು ಅಂಗಡಿಯ ಪ್ರೆಸ್ಸಿನಲ್ಲೇ ಕ್ರಿಂಪ್ ಮಾಡಿಸಿದ್ದಾರೆ. ಹಗಲೂ ರಾತ್ರಿ ಒತ್ತಡದಲ್ಲಿರುವ ಕೀಲಿಗೆ ಕ್ಲಿಪ್ಪನ್ನು ನಂಬುವಂತಿಲ್ಲ.

ಎಲ್ಲಿ ಹಾಕಬೇಕೆಂಬುದೂ ಅಷ್ಟೇ ಮುಖ್ಯ. ಸಿಲಿಂಡರಿನ ತಲೆಯಿಂದ ಟ್ಯಾಂಕಿಗೆ ಇಳಿಯುವ ನಳಿಗೆಯಲ್ಲಿ ಗಾಳಿಯ ಬಿಸಿ 150 ಡಿಗ್ರಿ ದಾಟಬಹುದು. ಅಲ್ಲಿ ಮಾಮೂಲಿ ರಬ್ಬರು ಸುಟ್ಟು ಗಟ್ಟಿಯಾಗಿ ಒಡೆಯುತ್ತದೆ. ಆ ಜಾಗ ತಾಮ್ರಕ್ಕೆ, ಇಲ್ಲವೇ ಬಿಸಿ ತಡೆಯಲೆಂದೇ ಮಾಡಿದ ಟೆಫ್ಲಾನ್ ಒಳಪದರದ ಸ್ಟೀಲ್ ಹೋಸಿಗೆ ಮೀಸಲು. ರಬ್ಬರು ಹೋಸಿನ ಜಾಗ ಟ್ಯಾಂಕಿನ ಆಚೆ. ಅಷ್ಟರಲ್ಲಿ ಗಾಳಿ ತಣಿದಿರುತ್ತದೆ.

ಅಲುಗುವುದಕ್ಕೂ ಹವಾ ದಾಟಿಸುವುದಕ್ಕೂ ಇರುವ ಈ ತೊಡಕು ಭೋಸರಿಗಿಂತ ಬಹಳ ಹಳೆಯದು. ಆಲ್ಪ್ಸ್ ಪರ್ವತದ ಮೊಂ ಸೆನಿ ಸುರಂಗವನ್ನು 1857ರಿಂದ 1871ರವರೆಗೆ ನಿರ್ಮಿಸಲಾಯಿತು. 1861ರಿಂದ ಅಲ್ಲಿ ಒತ್ತಿದ ಗಾಳಿಯಲ್ಲಿ ನಡೆಯುವ ಬೈರಿಗೆ ಯಂತ್ರಗಳು ಬಂಡೆ ಕೊರೆದವು. ಅದರ ವರದಿ ಓದಿದ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್‌ಗೆ ರೈಲಿನ ಬ್ರೇಕಿಗೂ ಗಾಳಿಯನ್ನೇ ಬಳಸುವ ಯೋಚನೆ ಹೊಳೆಯಿತು. 1869ರಲ್ಲಿ ಅವರು ಏರ್ ಬ್ರೇಕಿಗೆ ಪೇಟೆಂಟ್ ಪಡೆದರು. ಡಬ್ಬಿಗಳ ಕೆಳಗೆ ಕಬ್ಬಿಣದ ಪೈಪು ಹಾಯಿಸಬಹುದು, ಆದರೆ ತಿರುವಿನಲ್ಲಿ ಒಂದೊಂದೂ ಬೇರೆ ಬೇರೆ ವಾಲುವ ಡಬ್ಬಿಗಳ ನಡುವೆ ಗಾಳಿ ದಾಟಬೇಕಾದರೆ ಬಾಗುವ ಹೋಸೇ ಬೇಕು. ಅಂಥ ಹೋಸಿಗೆ ಬೇಕಾದ, ಗಂಧಕದಿಂದ ರಬ್ಬರನ್ನು ಹದಗೊಳಿಸುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲೇ ಪೇಟೆಂಟ್ ಪಡೆದಿದ್ದರು. ಪುಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎರಡು ಡಬ್ಬಿಗಳ ಸಂದಿಯಲ್ಲಿ ಬಗ್ಗಿ ನೋಡಿದರೆ ಇಂದಿಗೂ ಜೋತುಬಿದ್ದ ಹೋಸುಗಳು ಕಾಣುತ್ತವೆ. ಒಂದರಲ್ಲಿ 5 ಕೆಜಿ, ಇನ್ನೊಂದರಲ್ಲಿ 6 ಕೆಜಿ ಒತ್ತಡ. ಸಾವಿರಾರು ಜನರನ್ನು ಘಾಟಿನ ಇಳಿಜಾರಿನಲ್ಲಿ ತಡೆದು ನಿಲ್ಲಿಸುವ ಬ್ರೇಕು ಈ ಹೋಸುಗಳನ್ನು ನಂಬಿದೆ.

ಪುಣೆಗೂ ಒತ್ತಿದ ಗಾಳಿಗೂ ಇರುವ ನಂಟಿನಲ್ಲಿ ಕನ್ನಡ ನಾಡಿನ ಎಳೆಯೂ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ಕಟ್ಟಿದ ಆ ಮನೆತನದ ಉದ್ಯಮ ಪುಣೆಗೂ ಬೆಳೆಯಿತು. 1958ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ನ್ಯುಮ್ಯಾಟಿಕ್ ಕಂಪನಿ ಹಡಪಸರದಲ್ಲಿ ಕಂಪ್ರೆಸರುಗಳನ್ನು ಮಾಡಿತು. ಭೋಸರಿಗೆ ಹತ್ತಿರದ ದಾಪೋಡಿಯಲ್ಲಿ 1960ರ ದಶಕದಲ್ಲಿ ಸ್ವೀಡನ್ನಿನ ಆಟ್ಲಾಸ್ ಕಾಪ್ಕೋ ನೆಲೆಯೂರಿತು. ಕಂಪ್ರೆಸರ್ ಮಾಡುವ ಊರಲ್ಲೇ ಅದನ್ನು ಜೋಡಿಸುವ, ರಿಪೇರಿ ಮಾಡುವ ಫಿಟ್ಟರುಗಳೂ ಬೆಳೆದರು. ದೊಡ್ಡ ಕಾರ್ಖಾನೆಯಲ್ಲಿ ಕಲಿತ ಒಬ್ಬ ಫಿಟ್ಟರ್ ಸಣ್ಣ ಶೆಡ್ಡುಗಳಿಗೆ ವಿದ್ಯೆ ಒಯ್ಯುತ್ತಾನೆ, ಅವನ ಕೈಕೆಳಗಿನ ಹುಡುಗ ಇನ್ನಷ್ಟು ಶೆಡ್ಡುಗಳಿಗೆ. ಪುಣೆಯ ಎಂಜಿನಿಯರಿಂಗಿನ ನಿಜವಾದ ಶಾಲೆ ಇದು.

ಈಗ ಜೋಡಣೆ. ಮೊದಲು ಮೇನ್ ಸ್ವಿಚ್ಚು ಆಫ್ ಮಾಡಿ ಫ್ಯೂಸ್ ಕಿತ್ತು ಕಾಕಾ ಜೇಬಿಗೆ ಹಾಕಿಕೊಳ್ಳುತ್ತಾರೆ. ಟ್ಯಾಂಕಿನ ಕೆಳಗಿನ ಡ್ರೇನ್ ಕಾಕು ತಿರುಗಿಸಿದೊಡನೆ ಗಾಳಿ ಅಬ್ಬರಿಸಿ ಹೊರಬಂದು, ಹಿಂದೆಯೇ ಕಂದು ಬಣ್ಣದ ಎಣ್ಣೆನೀರು ನೆಲಕ್ಕೆ ಚಿಮ್ಮುತ್ತದೆ. ಮುಳ್ಳು ಸೊನ್ನೆಗೆ ಬಂದ ಮೇಲೂ ಅವರು ಸೇಫ್ಟಿ ವಾಲ್ವಿನ ಉಂಗುರ ಎಳೆದು ನೋಡುತ್ತಾರೆ. ಟ್ಯಾಂಕು ಬರಿದಾಗಿದೆ ಎಂದು ಎರಡು ಕಡೆಯಿಂದ ಖಾತ್ರಿಯಾಗದೆ ಪಾನಾ ಕೈಗೆ ಬರುವುದಿಲ್ಲ. ಹಳೆಯ ಎಲ್ಬೋ ಬಿಚ್ಚಿ, ಟ್ಯಾಂಕಿನ ಬಾಯಿಯ ಆಟೆಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಅಲ್ಲಿ ಮೊದಲಿಗೆ ಒಂದು ಬಾಲ್ ವಾಲ್ವು ಕೂರಿಸುತ್ತಾರೆ. ನಾಳೆ ಹೋಸಿಗೆ ಏನಾದರೂ ಆದರೆ ಟ್ಯಾಂಕಿನ ಗಾಳಿಯನ್ನು ಅಲ್ಲೇ ತಡೆಯಬೇಕು. ಆಮೇಲೆ ಗೋಡೆಯ ಕಡೆ. ಪೈಪಿನ ತುದಿಗೆ ಎರಡು ಹೊಸ ಕ್ಲಾಂಪು ಹಾಕಿ, ಕೈಯಿಂದ ಜಗ್ಗಿದರೂ ಅಲುಗದಂತೆ ಬಿಗಿಯುತ್ತಾರೆ.

"ಪೈಪ್ ಮೊದಲು ಗಟ್ಟಿ ಇರಬೇಕು. ಅದೂ ಅಲುಗ್ತಿದ್ರ ಹೋಸ್ ಹಾಕಿ ಏನ್ ಉಪಯೋಗ?"

ಹೋಸನ್ನು ಸೆಟೆದು ನಿಲ್ಲುವಂತೆ ಎಳೆದು ಕಟ್ಟಿದರೆ ಅದು ಪೈಪಿನಂತೆಯೇ ಆಗಿಬಿಡುತ್ತದೆ. ಒತ್ತಡ ಏರಿದಾಗ ಹೋಸು ತುಸು ಕುಗ್ಗುವುದೂ ಉಂಟು, ಅದಕ್ಕೂ ಉದ್ದ ಬೇಕು. ತೀರಾ ಉದ್ದವಾದರೆ ಜೋತು ನೆಲಕ್ಕೆ ತಾಗಿ ಉಜ್ಜಿ ಸವೆಯುತ್ತದೆ. ಚಕ್ರ ತಿರುಗುವಾಗ ಟ್ಯಾಂಕು ಯಾವ ದಿಕ್ಕಿಗೆ ಹೆಚ್ಚು ಹೊಯ್ದಾಡುತ್ತದೆ ಎಂಬುದನ್ನು ಕಾಕಾ ಬುಧವಾರವೇ ನಿಂತು ನೋಡಿದ್ದಾರೆ. ಆ ಹೊಯ್ದಾಟಕ್ಕೆ ಅಡ್ಡಲಾಗಿ, ಸಲೀಸಾದ ಬಾಗಿನಲ್ಲಿ ಹೋಸು ಬರುವಂತೆ ಹಿಡಿಯುತ್ತಾರೆ. ಹೋಸಿನ ಮೈಮೇಲೆ ಉದ್ದಕ್ಕೂ ಒಂದು ಬಿಳಿ ಗೆರೆ ಅಚ್ಚಾಗಿದೆ. ಬಿಗಿಯುವಾಗ ಆ ಗೆರೆ ಸುರುಳಿಯಾದರೆ ಹೋಸು ತಿರುಚಿಕೊಂಡಿದೆ ಎಂದರ್ಥ. ತಿರುಚಿದ ಹೋಸು ಒತ್ತಡ ಬಂದೊಡನೆ ಮರಳಿ ಬಿಚ್ಚಿಕೊಳ್ಳಲು ಹೆಣಗಿ ತನ್ನ ಕೀಲನ್ನು ತಾನೇ ಸಡಿಲಿಸುತ್ತದೆ. ಅದಕ್ಕೇ ಒಂದು ತುದಿಗೆ ಹೋಸನ್ನು ತಿರುಚದೆ ಬಿಗಿಯಬಲ್ಲ ಕೀಲು, ಯೂನಿಯನ್. ಹುಡುಗ ಒಂದು ಪಾನಾದಿಂದ ಹೋಸಿನ ಕುತ್ತಿಗೆ ಹಿಡಿದರೆ, ಕಾಕಾ ಇನ್ನೊಂದರಿಂದ ಯೂನಿಯನ್ನಿನ ನಟ್ಟು ತಿರುಗಿಸುತ್ತಾರೆ. ಬಿಳಿ ಗೆರೆ ನೇರವಾಗಿಯೇ ಉಳಿಯುತ್ತದೆ.

ಕೊನೆಗೆ ಹೋಸಿನ ಎರಡೂ ತುದಿಗಳನ್ನು ಕೂಡಿಸಿ ಒಂದು ಉಕ್ಕಿನ ಹಗ್ಗ. ಇದನ್ನು ಶೆಡ್ಡಿನ ಮಾಲೀಕ ಶೇಠ್ ಕೇಳಿರಲಿಲ್ಲ, ಕಾಕಾ ತಾವೇ ತಂದಿದ್ದಾರೆ. ಒಂದಿಂಚಿನ ಹೋಸಿನ ಬಾಯಿ ಸುಮಾರು 5 ಚದರ ಸೆಂಟಿಮೀಟರು. 7 ಕೆಜಿ ಒತ್ತಡದಲ್ಲಿ ಕೀಲು ಕಳಚಿದರೆ ಸುಮಾರು 35 ಕಿಲೋದ ಬಲ ಆ ತುದಿಯನ್ನು ಎಸೆಯುತ್ತದೆ. ಹೋಸಿನಲ್ಲಿ ನೀರಿದ್ದರೆ ಅದು ಹೊರಚಿಮ್ಮಿದೊಡನೆ ಬಲ ಕಳೆದುಕೊಳ್ಳುತ್ತದೆ. ಒತ್ತಿದ ಗಾಳಿಯಾದರೋ ಹಿಗ್ಗುತ್ತಲೇ ಹೋಗಿ ಟ್ಯಾಂಕು ಬರಿದಾಗುವವರೆಗೂ ಹೋಸನ್ನು ಬೀಸಾಡುತ್ತದೆ, ತುದಿಯ ಕಬ್ಬಿಣ ಯಾರ ಮುಖಕ್ಕೆ ಬಡಿಯುವುದೋ ಹೇಳಲಾಗದು. ಅಮೆರಿಕದ ಕಟ್ಟಡ ಕೆಲಸದ ಸುರಕ್ಷಾ ನಿಯಮಗಳಲ್ಲಿ, ಒಳವ್ಯಾಸ ಅರ್ಧ ಇಂಚು ಮೀರಿದ ಗಾಳಿ ಹೋಸುಗಳಿಗೆ, ಹೋಸು ಹರಿದಾಗ ಒತ್ತಡ ತಗ್ಗಿಸುವ ಸಾಧನ ಕಡ್ಡಾಯ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 31ನೇ ಸೆಕ್ಷನ್ನು ಒತ್ತಡದ ಯಂತ್ರಗಳು ಸುರಕ್ಷಿತ ಮಿತಿ ದಾಟದಂತೆ ನೋಡಿಕೊಳ್ಳಬೇಕೆಂದು ಹೇಳಿತ್ತು. ಕಾಯ್ದೆ ಓದದ ಕಾಕಾನ ಚೀಲದಲ್ಲಿ ಆ ಉಕ್ಕಿನ ಹಗ್ಗ ಇರುವುದು ಅದರ ಬೆಲೆ ಗೊತ್ತಿದ್ದುದರಿಂದ.

ಗೋಡೆಯ ಪೈಪಿನ ಹಾದಿಯನ್ನೂ ಅವರು ತಿದ್ದುತ್ತಾರೆ. ಪುಣೆಯ ಮಳೆಗಾಲದ ಗಾಳಿ ನೀರಿನಿಂದ ಭಾರವಾಗಿರುತ್ತದೆ. ಎಂಟು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತಿ ತಣಿಸಿದಾಗ ಆ ನೀರಿಗೆ ಆವಿಯಾಗಿ ಉಳಿಯಲು ಎಡೆ ಸಿಗುವುದಿಲ್ಲ. ಇಂಥ 5 ಎಚ್‌ಪಿ ಕಂಪ್ರೆಸರು ಎಂಟು ತಾಸಿನ ಪಾಳಿಯಲ್ಲಿ ಅರ್ಧ ಹೊತ್ತು ಓಡಿದರೂ ಸುಮಾರು 2 ಲೀಟರ್ ನೀರು ಇಳಿಯುತ್ತದೆ. ಟ್ಯಾಂಕಿನಲ್ಲಿ ನಿಲ್ಲದ ನೀರು ಪೈಪಿಗೆ ಹೋಗಿ ಬಣ್ಣದ ಮೇಲೆ ಹನಿಯಾಗಿ ಬೀಳುತ್ತದೆ, ಯಂತ್ರಗಳ ಹವಾ ಸಿಲಿಂಡರುಗಳ ಒಳಗೆ ತುಕ್ಕು ತರುತ್ತದೆ. ಆದ್ದರಿಂದ ಪೈಪಿಗೆ ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು, ಕೊನೆಯಲ್ಲಿ ನೀರು ತೆಗೆಯುವ ಕಾಕು, ಯಂತ್ರಗಳಿಗೆ ಇಳಿಯುವ ಕೊಂಬೆಗಳೆಲ್ಲ ಪೈಪಿನ ನೆತ್ತಿಯಿಂದ ಹೊರಟು ಬಗ್ಗಿ ಕೆಳಗೆ. ಹೋಸು ಕೂಡ ನಡುವೆ ತಗ್ಗಾಗಿ ನೀರು ಹಿಡಿಯದಂತೆ ಬರಬೇಕು.

ಶೇಠ್ ಬಂದು ಬಿಲ್ಲು ನೋಡಿ ಮರಾಠಿಯಲ್ಲಿ ಕೇಳುತ್ತಾರೆ: ಎರಡೂವರೆ ಅಡಿಯ ರಬ್ಬರಿಗೆ ಅಷ್ಟು ಉದ್ದದ ಕಬ್ಬಿಣಕ್ಕಿಂತ ಇಷ್ಟು ಹೆಚ್ಚು ಹೇಗೆ? ಕಾಕಾ ಮರಾಠಿಯಲ್ಲೇ ಲೆಕ್ಕ ಒಪ್ಪಿಸುತ್ತಾರೆ. 7 ಕೆಜಿ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ತೂತು ಸೆಕೆಂಡಿಗೆ ಸುಮಾರು 10 ಲೀಟರ್ ಗಾಳಿ ಕಳೆಯುತ್ತದೆ. ಈ ಕಂಪ್ರೆಸರ್ ದುಡಿದು ತುಂಬುವುದೇ ಹೆಚ್ಚುಕಡಿಮೆ ಅಷ್ಟು. ಅಂದರೆ ಒಂದು ಸೀಳಿದ ಕೀಲು ಇಡೀ ಯಂತ್ರದ ಕರೆಂಟನ್ನು ನುಂಗಬಲ್ಲದು. ಇದರ ಮೇಲೆ ನಡುವಾರ ಪೈಪು ಕತ್ತರಿಸಿಹೋಗಿ ಶೆಡ್ಡು ನಿಂತರೆ ಆಗುವ ನಷ್ಟ ಬೇರೆ. ಹೋಸು ಸವೆಯುವ ವಸ್ತು ಎಂಬುದನ್ನೂ ಅವರು ಮುಚ್ಚಿಡುವುದಿಲ್ಲ. ಬಿಳಿ ಪೇಂಟಿನಲ್ಲಿ ಅದರ ಪಕ್ಕದ ಗೋಡೆಯ ಮೇಲೆ ಇಂದಿನ ತಾರೀಖು ಬರೆಯುತ್ತಾರೆ. ತಿಂಗಳಿಗೊಮ್ಮೆ ಬಗ್ಗಿಸಿ ನೋಡಿ, ಮೈಯಲ್ಲಿ ಬಿರುಕೋ ಉಬ್ಬೋ ಕಂಡರೆ ಬದಲಿಸಿ ಎನ್ನುತ್ತಾರೆ. ಸವೆಯುವ ಭಾಗ ಎಲ್ಲಿದೆ ಎಂದು ಗೊತ್ತಿರುವುದೇ ದೊಡ್ಡ ಲಾಭ. ಯಂತ್ರದ ಬಡಿತ ಎಲ್ಲಾದರೂ ಒಂದು ಕಡೆ ಇಳಿಯಲೇಬೇಕು. ಕಣ್ಣಿಗೆ ಬೀಳುವ, ಕೈಗೆ ಎಟುಕುವ, ಬದಲಿಸಬಹುದಾದ ಜಾಗದಲ್ಲಿ ಅದು ಇಳಿಯುವಂತೆ ಮಾಡುವುದೇ ಒಳ್ಳೆಯ ಫಿಟ್ಟಿಂಗು.

ಫ್ಯೂಸು ಜಾಗಕ್ಕೆ ಹೋಗುತ್ತದೆ. ಮೋಟಾರು ಗುಂಯ್ಗುಟ್ಟಿ ಹೊರಟೊಡನೆ ಟ್ಯಾಂಕು ಪ್ಯಾಡುಗಳ ಮೇಲೆ ಕುಲುಕುತ್ತದೆ, ಹೋಸು ಅದರ ಜತೆ ನಡುಗುತ್ತದೆ. ಹುಡುಗ ಗೋಡೆಯ ಕ್ಲಾಂಪಿನ ಪಕ್ಕ ಪೈಪಿನ ಮೇಲೆ ಅಂಗೈ ಇಡುತ್ತಾನೆ. ನಡುಕ ಅಲ್ಲಿಗೆ ತಲುಪಿಲ್ಲ. ಮುಳ್ಳು ಎರಡು, ನಾಲ್ಕು, ಆರು ದಾಟುತ್ತದೆ. ಸಾಬೂನಿನ ನೊರೆಯನ್ನು ಬ್ರಷ್ಷಿನಿಂದ ಪ್ರತಿ ಕೀಲಿಗೂ ಬಳಿಯುತ್ತಾರೆ. ಎಲ್ಲೂ ಗುಳ್ಳೆ ಏಳುವುದಿಲ್ಲ.

ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಡುವಾಗ ಹುಡುಗ ಪಕ್ಕದ ಶೆಡ್ಡಿನ ತೆರೆದ ಶಟರಿನ ಮುಂದೆ ನಿಲ್ಲುತ್ತಾನೆ. ಒಳಗೆ ಇಂಥದೇ ಒಂದು ಕಂಪ್ರೆಸರು, ಟ್ಯಾಂಕಿನ ಬಾಯಿಂದ ಗೋಡೆಗೆ ಸೀದಾ ಕಬ್ಬಿಣ.

"ಕಾಕಾ, ಇವ್ರದೂ ಹಂಗೇ ಅದ. ಹೇಳಿ ನೋಡೂಣೇನ್ರಿ?"

"ಹೇಳೂಣು. ಆದ್ರ ಮಷಿನ್ ಯಾವ ಕಡಿ ಹೊಯ್ದಾಡ್ತದ ಅಂತ ನಾಳಿ ಬಂದು ನೀನೇ ನೋಡು. ಅಳತಿನೂ ಈ ಸಲ ನೀನೇ ತಗೋ."